ಅಮಾಸಿ ದಿನದ ನೀರು

ಎತ್ತು ನೀರು ಕುಡಿಯುವ ಕಲ್ಲಿನ ದೋಣಿಯೊಳಗೆ ಬಗ್ಗಿ ತಾರವ್ವ ತೆಂಗಿನ ನಾರಿನಿಂದ ಪಾಚಿ ತಿಕ್ಕುತ್ತಿದ್ದಳು. ೧೯೮೭ರ ಛಟ್ಟಿ ಅಮಾಸಿ, ದೀಪಾವಳಿ ಕಳೆದು ತಿಂಗಳಿಗೆ ಬರುವ ಅಮಾವಾಸ್ಯೆ. ಅಮಾಸಿಗೆ ಸತ್ತಿ ಊರಿನಲ್ಲಿ ಎತ್ತು ಹೂಡುವುದಿಲ್ಲ. ಅವುಗಳ ಮೈ ತೊಳೆದು, ಕುಡಿಯುವ ದೋಣಿಗೆ ಹೊಸ ನೀರು ತುಂಬುತ್ತಾರೆ. ಒಳಗೆ ಮಗಳು ಕೆಂಪವ್ವ ಎರಡು ಕೌದಿ ಹೊದ್ದೂ ನಡುಗುತ್ತಿದ್ದಳು. ಮತ್ತೆ ಮಲೇರಿಯಾ. ಇನ್ನೊಮ್ಮೆ ಬಂದರೆ ಹುಡುಗಿ ತಡೆಯಲಿಕ್ಕಿಲ್ಲವೆಂದು ಡಾಕ್ಟರು ಹೇಳಿದ್ದರು. ಸೊಳ್ಳೆಗೆ ಡಿಡಿಟಿ ಔಷಧ ಹೊಡೆಸಿರೆಂದರೆ ಮಲೇರಿಯಾ ಆಫೀಸಿನವರದು ಒಂದೇ ಮಾತು — ನಿಮ್ಮ ಓಣಿಯ ನೀರಿನಲ್ಲಿ ಸೊಳ್ಳೆಯ ಮರಿಯೇ ಇಲ್ಲ.

ಈ ಸಲ ಆಫೀಸಿನಿಂದ ನೀರು ನೋಡಲು ಬರುವ ನಾಮದೇವನ ಜೊತೆ ಮಲೇರಿಯಾ ಇನ್ಸ್‌ಪೆಕ್ಟರ್ ಜಯಪಾಲನೂ ಬಂದ. ನಾಮದೇವ ತುಂಬಿದ ದೋಣಿಗೆ ಸೌಟು ಅದ್ದಿದ. ಮರಿ ಇಲ್ಲ. ಜಯಪಾಲ ಕೊಟ್ಟಿಗೆ ಹೊಕ್ಕು ಬ್ಯಾಟರಿಯ ಬೆಳಕು ಬಿಟ್ಟ. ಗೋಡೆಯ ತುಂಬ ಸೊಳ್ಳೆ.

"ಮರಿ ಇಲ್ದ ಇಷ್ಟು ಸೊಳ್ಳಿ ಎಲ್ಲಿಂದ ಬಂದೂವು?"

ಪಕ್ಕದ ಮನೆಯಿಂದ ತಾರವ್ವನ ತಮ್ಮ ಧರೆಪ್ಪ ಸೊಪ್ಪಿನ ಬುಟ್ಟಿ ಹೊತ್ತೇ ಬಂದು, ಹೊಳೆಯ ಕಡೆಯಿಂದ ಗಾಳಿಗೆ ಬರುತ್ತವೆಂದ. ಗಾಳಿ ಹೊಳೆಯ ಕಡೆಗೇ ಬೀಸುತ್ತಿದೆಯಲ್ಲ ಎಂದ ಜಯಪಾಲ. ಮಳೆಗೆ ಮರಿ ಕೊಚ್ಚಿಹೋಗಿರಬೇಕೆಂದ ನಾಮದೇವ. ದೀಪಾವಳಿಯಿಂದ ಹನಿಯೂ ಬಿದ್ದಿಲ್ಲವೆಂದಳು ತಾರವ್ವ.

ಜಯಪಾಲ ಅವಳ ಕೈ ನೋಡಿದ. ಮೊಣಕೈವರೆಗೆ ಹಸಿರು.

"ದೋಣಿ ದಿನಾ ತಿಕ್ಕತೀರೇನ್ರಿ, ಅಕ್ಕಾರ?"

"ಇಲ್ರಿ. ಅಮಾಸಿಗೊಮ್ಮೆ. ಓಣ್ಯಾಗ ಎಲ್ಲಾರೂ ಹಂಗ."

"ನಾಮದೇವ, ಹಿಂದಿನ ಸಲ ಯಾವಾಗ ಬಂದಿದ್ದಿ?"

"ಅಮಾಸಿಗೇ ರೀ."

"ಅದರ ಹಿಂದ?"

"ಅದೂ ಅಮಾಸಿನ. ಅವತ್ತು ಯಾರೂ ಹೊಲಕ್ಕ ಹೋಗಂಗಿಲ್ಲ, ಮನಿಗೆ ಮನಿ ತೆರದಿರತಾವು, ಅವತ್ತ ಬಾ ಅಂತ ಧರೆಪ್ಪಣ್ಣಾರು ಅಂದಿದ್ರು. ಊಟಾನೂ ಅವರಲ್ಲೇ. ಹೋಳಿಗಿ."

"ಹೋಳಿಗಿ ತಿಂದು, ತೊಳದ ದೋಣಿ ನೋಡಿ ಹ್ವಾದಿ."

ಜಯಪಾಲ ಬಿಡಿಸಿ ಹೇಳಿದ. ಅಮಾಸಿಯಿಂದ ಅಮಾಸಿಯೊಳಗೆ ಮರಿ ಬೆಳೆದು, ರೆಕ್ಕೆ ಬಂದು ಕೊಟ್ಟಿಗೆ ಸೇರುತ್ತವೆ. ಉಳಿದವನ್ನು ನೀರಿನೊಡನೆ ಚೆಲ್ಲಿದ ದಿನವೇ ನಾಮದೇವನ ಸೌಟು ಬರುತ್ತದೆ. ಆ ದಿನ ಆರಿಸಿಕೊಟ್ಟವನು ಧರೆಪ್ಪ. ಯಾಕೆ? ಅವನ ಬುಟ್ಟಿಯಲ್ಲಿದ್ದದ್ದು ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳದ ಮೇವು. ಅವನ ಪಡಸಾಲೆಯ ತುಂಬ ಆ ಹುಳ — ಓಣಿಯ ಮನೆಮನೆಗೆ ಹೊಡೆಯುವ ಡಿಡಿಟಿ ತಾಕಿದರೆ ಒಂದೂ ಉಳಿಯುವುದಿಲ್ಲ.

ತಾರವ್ವ ತಮ್ಮನನ್ನೇ ನೋಡಿದಳು.

"ನಮ್ಮಿಬ್ಬರದೂ ಒಂದ ಗ್ವಾಡಿ. ನನ್ನ ಕೂಸು ನರಳೋದು ನಿನಗ ಕೇಳತಿತ್ತಲ್ಲೋ, ತಮ್ಮಾ?"

"ಇದೊಂದು ಸಲ ಹುಳ ಗೂಡು ಕಟ್ಟಲಿ ಅಂದ್ಕೊಂಡೆ, ಅಕ್ಕಾ."

"ಪ್ರತಿ ಸಲ ಹಂಗ ಅಂದ್ಕೊಂಡಿ."

ಮರುದಿನವೇ ಓಣಿಗೆ ಔಷಧ ಹೊಡೆಯುವವರು ಬಂದರು. ಕೆಂಪವ್ವನನ್ನು ತನ್ನ ಮಗನಿಗೆ ಸೊಸೆಯಾಗಿ ತಂದುಕೊಳ್ಳುತ್ತೇನೆಂದಿದ್ದ ಇದೇ ಧರೆಪ್ಪ. ತಮ್ಮನ ಮಾತು ಮೀರಬಾರದೆಂದು ತಾರವ್ವ ಮುಗಳಖೋಡದವರು ಕೇಳಿಬಂದಿದ್ದ ಬೀಗಸ್ತನಕ್ಕೆ ಯುಗಾದಿಯಿಂದಲೂ ಉತ್ತರ ಕೊಟ್ಟಿರಲಿಲ್ಲ. ಹುಡುಗಿಯ ಜಡ್ಡು ನೆಟ್ಟಗಾದ ಕೂಡಲೇ ನೋಡಲು ಬನ್ನಿರೆಂದು ಅವರಿಗೆ ಬರೆಸಿಟ್ಟಿದ್ದ ಕಾಗದ ಗೋಡೆಯ ಮಾಡದಲ್ಲಿ ಮಾಸಿತ್ತು. ಅದರ ಧೂಳು ಸೆರಗಿನಿಂದ ಒರೆಸಿದಳು. ತಮ್ಮನ ಬಾಗಿಲ ಮುಂದಿನಿಂದಲೇ ನಡೆದುಹೋಗಿ, ಅದನ್ನು ಟಪಾಲು ಪೆಟ್ಟಿಗೆಗೆ ಹಾಕಿದಳು.