ಕತ್ತೆರಾಯ ತಿರುಗಿ ನೋಡಬೇಕು

ನನಗೆ ಒಂದು ಕತ್ತೆಯ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಇನ್ನೂ ಜೋರಾಗಿ ನಗುತ್ತಾರೆ.

ಅವನ ಹೆಸರು ಕತ್ತೆರಾಯ. ಕುತ್ತಿಗೆಗೆ ಕೆಂಪು ಮೇಜುಬಟ್ಟೆ ಕಟ್ಟಿಕೊಂಡು, ಕಣ್ಣಿಗೆ ಕಪ್ಪು ಮುಖವಾಡ ಹಾಕಿಕೊಂಡು ಲೋಕೋದ್ಧಾರಕ್ಕೆ ಹೊರಡುವ ಕಾರ್ಟೂನ್ ಕತ್ತೆ. ನಮ್ಮ ಸ್ಟುಡಿಯೋ ಅವನ ಮೇಲೆ ಒಂದು ಪುಟ್ಟ ಚಿತ್ರ ಮಾಡುತ್ತಿತ್ತು. ಕಥೆ ಇಷ್ಟೇ. ಮರದ ಮೇಲೆ ಒಂದು ಬೆಕ್ಕು ಕೂತಿದೆ. ಪಾಪ, ಇಳಿಯಲು ಬಾರದೆ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಕತ್ತೆರಾಯ ಅದನ್ನು ಕಾಪಾಡಲು ಬರುತ್ತಾನೆ. ಹಾರಿದರೆ ಕಂಬಕ್ಕೆ ಡಿಕ್ಕಿ, ಏಣಿ ಹತ್ತಿದರೆ ಏಣಿ ಸಮೇತ ಕೆಸರಿಗೆ, ಹಗ್ಗ ಎಸೆದರೆ ಅದರಲ್ಲಿ ತಾನೇ ಸುತ್ತಿಕೊಂಡು ತಲೆಕೆಳಗು. ಬೆಕ್ಕು ಕೊಂಬೆಯ ಮೇಲಿಂದ ಬಾಲ ಇಳಿಬಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿರುತ್ತದೆ.

ಅವನ ಚಿತ್ರ ಬರೆಯುವವಳು ಅವಳು, ನಮ್ಮ ಸ್ಟುಡಿಯೋದ ಕಲಾವಿದೆ. ಅವನು ಬಿದ್ದಾಗ ಸದ್ದು ಮಾಡುವವನು ನಾನು.

ಸ್ಟುಡಿಯೋದಲ್ಲಿ ನನ್ನನ್ನು ಕರೆಯುವುದೇ ಸದ್ದಪ್ಪ ಎಂದು. ಒದ್ದೆ ಟವೆಲನ್ನು ನೆಲಕ್ಕೆ ಬಡಿದರೆ ಕೆಸರಿಗೆ ಬಿದ್ದ ಸದ್ದು, ತೆಂಗಿನ ಚಿಪ್ಪು ಕುಟ್ಟಿದರೆ ಗೊರಸಿನ ಸದ್ದು, ಕೋಸುಗಡ್ಡೆ ಮುರಿದರೆ ಮೂಳೆ ಮುರಿದ ಸದ್ದು. ಅವಳನ್ನು ಕರೆಯುವುದು ಕನ್ನಡಿ ಎಂದು. ಕಾರ್ಟೂನ್ ಬರೆಯುವವರು ಮೇಜಿನ ಮೇಲೊಂದು ಕನ್ನಡಿ ಇಟ್ಟುಕೊಂಡು, ತಾವೇ ಅಳುಮುಖ, ಸಿಡುಕುಮುಖ, ಪೆಚ್ಚುಮುಖ ಮಾಡಿ, ಅದನ್ನು ನೋಡಿ ಬರೆಯುವುದು ವಾಡಿಕೆ. ಅವಳು ಉಳಿದವರಿಗಿಂತ ತುಸು ಹೆಚ್ಚೇ ನೋಡಿಕೊಳ್ಳುತ್ತಿದ್ದಳು.

ನಾವು ಮೊದಲು ಭೇಟಿಯಾದಾಗ ನನ್ನ ಬಲಗಾಲು ಬಕೆಟ್ಟಿನಲ್ಲಿ ಸಿಕ್ಕಿಕೊಂಡಿತ್ತು.

ಧ್ವನಿಮುದ್ರಣದ ಕೋಣೆಯಲ್ಲಿ ನಾನು ಕನ್ನಡಕ ತೆಗೆದಿಟ್ಟು ಕೆಲಸ ಮಾಡುತ್ತೇನೆ. ಹಾಕಿಕೊಂಡು ಕುಣಿದಾಡಿದರೆ ಅದರ ಕಟಕಟ ಮೈಕಿಗೆ ಸಿಕ್ಕಿಬಿಡುತ್ತದೆ. ಕನ್ನಡಕವಿಲ್ಲದಿದ್ದರೆ ನನಗೆ ಬಕೆಟ್ಟೂ ಒಂದೇ, ಬಾಗಿಲೂ ಒಂದೇ. ಅವತ್ತು ಕಾಲು ಬಿಡಿಸಿಕೊಳ್ಳಲು ಒಂಟಿಗಾಲಲ್ಲಿ ಕುಪ್ಪಳಿಸಿ, ಸದ್ದು ಹೀರಲೆಂದು ಗೋಡೆಗೆ ಹೊಡೆದ ಗಾದಿಗೆ ಬಡಿದು, ನೆಲಕ್ಕೆ ಕುಸಿದು ಕೂತಿದ್ದೆ. ಬಾಗಿಲು ತೆರೆಯಿತು.

"ಇದು ಬೇಕಂತಲೇ ಮಾಡಿದ್ದಾ?" ಎಂದಿತು ಒಂದು ಮಂಜು ಮಂಜಾದ ಆಕೃತಿ.

"ಇಲ್ಲ... ಹೌದು. ಸದ್ದಿಗೆ."

"ಚೆನ್ನಾಗಿತ್ತು. ಇನ್ನೊಂದ್ಸಲ ಮಾಡ್ತೀರಾ?"

ನಾನು ನೆಲ ತಡಕಾಡಿ, ಕನ್ನಡಕ ಸಿಕ್ಕಿಸಿಕೊಂಡೆ. ತಲೆಕೆಳಗಾಗಿ ಹಾಕಿಕೊಂಡಿದ್ದೆ ಎಂದು ಆಮೇಲೆ ಗೊತ್ತಾಯಿತು. ಅವಳು ನಗಲಿಲ್ಲ. ತುಟಿ ಕಚ್ಚಿ ಹಿಡಿದುಕೊಂಡಿದ್ದಳು, ಕಣ್ಣು ಮಾತ್ರ ನಗುತ್ತಿತ್ತು. ನನ್ನ ಕಥೆ ಅಲ್ಲಿಗೇ ಮುಗಿಯಿತು.

ಆಮೇಲಿನದೆಲ್ಲ ಬರೀ ಅವಳ ಬೆನ್ನು. ನನ್ನ ಕೋಣೆಗೂ ಚಿತ್ರ ಬರೆಯುವವರ ಹಾಲಿಗೂ ನಡುವೆ ಒಂದು ಗಾಜು. ನನ್ನ ಕಡೆ ದೊಡ್ಡ ಲೈಟು, ಅವರ ಕಡೆ ಕಿಟಕಿಯೇ ಇಲ್ಲದ ಮಬ್ಬು. ಆ ಮಬ್ಬಿನಲ್ಲಿ, ಕನ್ನಡಕವಿಲ್ಲದ ನನ್ನ ಕಣ್ಣಿಗೆ ಅವಳು ಒಂದು ಗಂಟು ಹಾಕಿದ ಜಡೆ, ಒಂದು ಓರೆ ಭುಜ, ಅಷ್ಟೇ. ಆದರೂ ಆ ಬೆನ್ನು ನನಗೆ ಬಾಯಿಪಾಠವಾಗಿತ್ತು. ಕೆಲಸ ಕೂಡಿಬಂದರೆ ಭುಜ ಇಳಿಯುತ್ತಿತ್ತು. ಕೂಡಿಬರದಿದ್ದರೆ ಜಡೆಯೊಳಗೆ ಪೆನ್ಸಿಲ್ ಹೋಗುತ್ತಿತ್ತು. ಕೆಲವೊಮ್ಮೆ ಕಾರಣವಿಲ್ಲದೆ ಇಡೀ ಬೆನ್ನು ಕುಲುಕುತ್ತಿತ್ತು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ನಗುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ. ದಿನವಿಡೀ ಅವಳ ಮುಖ ನೋಡುವ ಭಾಗ್ಯ ಆ ಕನ್ನಡಿಗೆ, ನನಗೆ ಬಕೆಟ್ಟು.

ಆ ಕನ್ನಡಿ ಯಾವಾಗಲೂ ಸೊಟ್ಟಗೆ ಇರುತ್ತಿತ್ತು. ಒಮ್ಮೆ ಅವಳ ಮೇಜಿನ ಹತ್ತಿರ ಹೋದವನು ಸುಮ್ಮನಿರಲಾರದೆ, "ಸರಿಮಾಡ್ಲಾ?" ಎಂದು ಕೈಚಾಚಿದೆ.

"ಮುಟ್ಟಿದ್ರೆ ಕೈ ಮುರೀತೀನಿ."

"ಅಲ್ಲ, ಸೊಟ್ಟಗಿದೆ..."

"ಸೊಟ್ಟಗೇ ಇರ್ಲಿ. ನಿಮ್ಮ ಬಕೆಟ್ ನಾನು ಮುಟ್ತೀನಾ?"

ಇಂಥ ಮಾತಿಗೆ ಉತ್ತರ ಹೊಳೆಯುವ ಜಾತಿಯವನಲ್ಲ ನಾನು. ಉತ್ತರ ಮನೆಗೆ ಹೋಗಿ ಊಟಕ್ಕೆ ಕೂತಾಗ ಹೊಳೆಯುತ್ತಿತ್ತು, ಅದನ್ನು ಅಕ್ಕನಿಗೆ ಹೇಳುತ್ತಿದ್ದೆ. "ನನಗ್ಯಾಕೆ ಹೇಳ್ತೀಯೋ, ನಾನೇನು ನಿನ್ನ ಮದ್ವೆ ಆಗ್ತೀನಾ?" ಎಂದು ಅಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಳು.

ಹೊಟ್ಟೆಕಿಚ್ಚು ಶುರುವಾದದ್ದು ಒಂದು ಮಧ್ಯಾಹ್ನ, ಚಹಾ ಕುಡಿಯುವಾಗ. ಮೆಟ್ಟಿಲ ಹತ್ತಿರ ನಾನು, ಅವಳು, ಡೈರೆಕ್ಟರು ನಿಂತಿದ್ದೆವು.

"ಒಂದು ಕೇಳ್ಲಾ?" ಎಂದೆ. "ಕತ್ತೆರಾಯ ಬಿದ್ದ ಮೇಲೆ ನೆಲ ತಡಕಾಡಿ ಮುಖವಾಡ ಹುಡುಕ್ತಾನಲ್ಲ, ಸಿಕ್ಕಿದ ಮೇಲೆ ತಲೆಕೆಳಗಾಗಿ ಹಾಕ್ಕೋತಾನಲ್ಲ, ಗೊರಸು ಬಕೆಟ್ನಲ್ಲಿ ಸಿಕ್ಕೊಂಡಾಗ ಯಾರೂ ನೋಡಿಲ್ಲ ಅನ್ನೋ ಹಾಗೆ ಶಿಳ್ಳೆ ಹಾಕ್ತಾನಲ್ಲ... ಇವೆಲ್ಲ ಹೇಗೆ ಹೊಳೆಯುತ್ತೆ ನಿಮಗೆ?"

ಅವಳು ಲೋಟವನ್ನು ತುಟಿಯ ಹತ್ತಿರವೇ ಹಿಡಿದುಕೊಂಡು ನನ್ನನ್ನು ನೋಡಿದಳು. "ನಿಜವಾಗ್ಲೂ ಕೇಳ್ತಿದೀರಾ?"

"ಹೂಂ."

"ನನಗೆ ಗೊತ್ತಿರೋರು ಒಬ್ರಿದಾರೆ. ಅವರನ್ನ ನೋಡಿ ಬರೀತೀನಿ."

ಡೈರೆಕ್ಟರಿಗೆ ಚಹಾ ನೆತ್ತಿಗೇರಿತು. ಪಾಪ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ನಾನು ಅವರ ಬೆನ್ನು ತಟ್ಟುತ್ತಲೇ ಕೇಳಿದೆ, "ಯಾರು?"

"ಹೇಳಿದ್ರೆ ಅವರಿಗೆ ಬೇಜಾರಾಗುತ್ತೋ ಏನೋ."

"ಅಷ್ಟು ಹತ್ತಿರದಿಂದ ನೋಡ್ತೀರಾ ಅವರನ್ನ?"

"ದಿನಾ," ಎಂದಳು. ಆ ಒಂದು ಮಾತನ್ನು ಎಷ್ಟು ಮೆತ್ತಗೆ ಹೇಳಿದಳೆಂದರೆ, ಸದ್ದು ಹಿಡಿಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನನಗೂ ಅದು ಅರ್ಧ ಮಾತ್ರ ಕೇಳಿಸಿತು. ಇಷ್ಟು ಪ್ರೀತಿಯಿಂದ ನೋಡಿಸಿಕೊಳ್ಳುವ ಪುಣ್ಯಾತ್ಮ ಯಾರೋ ಎಂದು ಅವತ್ತಿನಿಂದ ಒಳಗೊಳಗೇ ಬೇಯತೊಡಗಿದೆ. ಕತ್ತೆರಾಯನ ಒಂದೊಂದು ಚೇಷ್ಟೆಯಲ್ಲೂ ಆ ಮನುಷ್ಯ ಕಾಣಿಸುತ್ತಿದ್ದ. ಅವನು ಬಿದ್ದಾಗಲೆಲ್ಲ ಒದ್ದೆ ಟವೆಲನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದೆ.

"ಈ ಸಲ ಬೀಳೋದು ಅದ್ಭುತವಾಗಿ ಬಂದಿದೆ," ಎಂದರು ಡೈರೆಕ್ಟರು. "ಏನೋ ದ್ವೇಷ ಇದ್ದ ಹಾಗಿದೆ."

ಚಿತ್ರ ಮುಗಿಯುತ್ತಾ ಬಂತು. ಆಗ ಸುದ್ದಿ ಬಂತು: ದೂರದ ಊರಿನ ದೊಡ್ಡ ಸ್ಟುಡಿಯೋ ಒಂದು ಅವಳನ್ನು ಕರೆದಿತ್ತು. ನಮ್ಮ ಸ್ಟುಡಿಯೋದ ಹತ್ತರಷ್ಟು ಜನ, ಕಿಟಕಿ ಇರುವ ಕೋಣೆ, ಉದ್ದದ ಸಿನಿಮಾ. ಎಲ್ಲರೂ ಅವಳ ಕೈಕುಲುಕಿದರು. ನಾನೂ ಕುಲುಕಿದೆ. ಅವಳ ಬೆರಳ ತುದಿಯಲ್ಲಿ ಪೆನ್ಸಿಲ್ ಮಸಿ ಇತ್ತು, ಅದು ನನ್ನ ಅಂಗೈಗೆ ಹತ್ತಿತು. ಅವತ್ತು ಮಧ್ಯಾಹ್ನ ಕೈ ತೊಳೆಯದೆ ಸ್ಪೂನಿನಲ್ಲಿ ಊಟ ಮಾಡಿದೆ.

"ಹೋಗ್ತೀರಾ?" ಎಂದೆ.

"ಇನ್ನೂ ಉತ್ತರ ಹೇಳಿಲ್ಲ. ಈ ಚಿತ್ರ ಮುಗಿಯೋ ದಿನ ಹೇಳ್ತೀನಿ ಅಂದಿದೀನಿ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಹೋಗ್ಲಾ?"

ಹೋಗಬೇಡ ಎನ್ನಲು ನಾನು ಯಾರು? ಬಾಯಿ ತೆರೆದೆ. "ಕಿಟಕಿ ಇರೋ ಕೋಣೆ ಅಂದ್ರೆ ಒಳ್ಳೇದೇ ಅಲ್ವಾ," ಎಂದು ಬಂತು. ಅವಳ ಭುಜ ಇಳಿಯಿತು. ಕೆಲಸ ಕೂಡಿಬಂದಾಗ ಇಳಿಯುವ ರೀತಿಯಲ್ಲಲ್ಲ.

ಅಕ್ಕನಿಗೆ ಹೇಳಿದಾಗ ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ನನ್ನ ಕಡೆ ತಿರುಗಿದಳು. "ಕಿಟಕಿ ಅಂದ್ಯಾ? ಆ ಹುಡುಗಿ ಹೋಗ್ಲಾ ಅಂತ ಕೇಳಿದ್ರೆ ನೀನು ಕಿಟಕಿ ಅಂದ್ಯಾ?"

"ಅವಳ ಮನಸ್ಸಲ್ಲಿ ಬೇರೆ ಯಾರೋ ಇದಾರೆ ಅಕ್ಕಾ. ಆ ಕತ್ತೆ..."

"ಕತ್ತೆ ಯಾರು ಅಂತ ನನಗೆ ಗೊತ್ತು," ಎಂದವಳು ಮತ್ತೆ ಇಸ್ತ್ರಿ ಎತ್ತಿಕೊಂಡಳು. ಬೈಗುಳ ಎಂದುಕೊಂಡೆ.

ಉಳಿದದ್ದು ಕೊನೆಯ ಶಾಟ್. ಕತ್ತೆರಾಯ ಸೋಲೊಪ್ಪಿಕೊಂಡು, ಹರಿದ ಮೇಜುಬಟ್ಟೆ ಎಳೆದುಕೊಂಡು, ಕುಂಟುತ್ತಾ ಹೊರಟುಹೋಗುತ್ತಾನೆ. ಆಗ ಬೆಕ್ಕು ತಾನಾಗಿಯೇ ಸರಸರನೆ ಮರದಿಂದ ಇಳಿದು ಅವನ ಹಿಂದೆ ನಡೆಯುತ್ತದೆ. ಅದು ಸಿಕ್ಕಿಹಾಕಿಕೊಂಡೇ ಇರಲಿಲ್ಲ. ಅವನನ್ನು ನೋಡಲು ಕೂತಿತ್ತು.

"ಬೆಕ್ಕಿನ ಹೆಜ್ಜೆಗೆ ಸದ್ದು ಎಲ್ಲಿಂದ ತರ್ಲಿ?" ಎಂದು ಅವಳನ್ನು ಕೇಳಿದೆ. ಹತ್ತಿ, ಉಣ್ಣೆಯ ಕಾಲುಚೀಲ, ಹಿಟ್ಟಿನ ಚೀಲ ಎಲ್ಲ ಪ್ರಯತ್ನಿಸಿ ಸೋತಿದ್ದೆ. "ಅದಕ್ಕೆ ಸದ್ದೇ ಇಲ್ವಲ್ಲ."

"ಇರ್ಬೇಕು. ಸಣ್ಣಗೆ. ಬರ್ತಿದೆ ಅಂತ ಕತ್ತೆಗೆ ಗೊತ್ತಾಗ್ಬೇಕು."

"ಗೊತ್ತಾದ್ರೆ ಅವನು ತಿರುಗಿ ನೋಡ್ತಾನಾ?"

"ಅದನ್ನಿನ್ನೂ ಬರ್ದಿಲ್ಲ." ಜಡೆಯೊಳಗಿಂದ ಪೆನ್ಸಿಲ್ ಎಳೆದಳು. "ತಿರುಗ್ತಾನೋ, ಹಾಗೇ ಹೋಗ್ತಾನೋ, ನನಗೂ ಗೊತ್ತಿಲ್ಲ."

ಚಿತ್ರ ಮುಗಿಯಬೇಕಾದ ದಿನ ಎಲ್ಲರೂ ಊಟಕ್ಕೆ ಹೋಗಿದ್ದರು. ಹೆಜ್ಜೆಗೆ ಸದ್ದು ಹೊಂದಿಸುವ ಮುಂಚೆ ಶಾಟನ್ನು ಅವಳ ಕಂಪ್ಯೂಟರ್ ಪರದೆಯ ಮೇಲೇ ಒಮ್ಮೆ ನೋಡಬೇಕು ಎಂದೆ.

"ನನ್ನ ಕುರ್ಚೀಲಿ ಕೂತು ನೋಡಿ," ಎಂದಳು. ಬಾಗಿಲ ತನಕ ಹೋದವಳು ನಿಂತಳು. "ಏನನ್ನೂ ಅಲುಗಿಸ್ಬೇಡಿ. ಕನ್ನಡಕ ಹಾಕ್ಕೊಂಡೇ ನೋಡಿ."

ಮೊದಲ ಬಾರಿಗೆ ಅವಳ ಕುರ್ಚಿಯಲ್ಲಿ ಕೂತೆ. ಕುರ್ಚಿಯ ಬೆನ್ನಿಗೆ ಅವಳ ಶಾಲು ನೇತುಹಾಕಿತ್ತು. ನಾಳೆಯಿಂದ ಇಲ್ಲಿ ಶಾಲು ಇರುವುದಿಲ್ಲ ಎನ್ನಿಸಿತು. ಪರದೆಯ ಮೇಲೆ ಕತ್ತೆರಾಯ ಕುಂಟುತ್ತಾ ಹೊರಟಿದ್ದ. ಮುಖ ಒರೆಸಿಕೊಳ್ಳೋಣ ಎಂದು ಕನ್ನಡಿಯ ಕಡೆ ನೋಡಿದೆ.

ಕನ್ನಡಿಯಲ್ಲಿ ನನ್ನ ಮುಖ ಇರಲಿಲ್ಲ.

ಅದರಲ್ಲಿದ್ದದ್ದು ಒಂದು ಬಕೆಟ್ಟು. ಹಗ್ಗದ ಮೇಲೆ ಒದ್ದೆ ಟವೆಲು. ಎರಡು ತೆಂಗಿನ ಚಿಪ್ಪು. ದೊಡ್ಡ ಲೈಟಿನ ಕೆಳಗೆ ಖಾಲಿ ಬಿದ್ದಿದ್ದ ನನ್ನ ಕುರ್ಚಿ. ಗಾಜಿನಾಚೆಯ ನನ್ನ ಕೋಣೆ ಇಡಿಯಾಗಿ, ಅಂಗೈಯಗಲದ ಆ ಸೊಟ್ಟ ಕನ್ನಡಿಯಲ್ಲಿ ನೀಟಾಗಿ ಕೂತಿತ್ತು.

ಅರ್ಥವಾಗಲು ನನಗೆ ಹೊತ್ತು ಹಿಡಿಯಿತು. ಮುಖವಾಡ ತಡಕಾಡುವುದು. ತಲೆಕೆಳಗಾಗಿ ಹಾಕಿಕೊಳ್ಳುವುದು. ಬಕೆಟ್ಟು, ಶಿಳ್ಳೆ. ಡೈರೆಕ್ಟರ ಕೆಮ್ಮು. ಅಕ್ಕನ ಬೈಗುಳ. ದಿನಾ, ಎಂದಿದ್ದಳು. ಅವಳ ಬೆನ್ನು ಕುಲುಕಿದಾಗಲೆಲ್ಲ ನಾನು ಏನಾದರೊಂದನ್ನು ಎಡವಿ ಬಿದ್ದಿರುತ್ತಿದ್ದೆ. ಅಯ್ಯೋ, ನಾನು ಇಷ್ಟು ದಿನ ನನ್ನ ಮೇಲೇ ಹೊಟ್ಟೆಕಿಚ್ಚುಪಟ್ಟುಕೊಂಡು ಟವೆಲು ಬಡಿದಿದ್ದೆ.

ಕನ್ನಡಿಯೊಳಗಿನ ಕೋಣೆಯ ಬಾಗಿಲು ತೆರೆಯಿತು. ಅವಳು ಒಳಗೆ ಬಂದಳು. ಚಪ್ಪಲಿ ಬಿಟ್ಟು, ಬಕೆಟ್ಟನ್ನು ಹುಷಾರಾಗಿ ದಾಟಿ, ನನ್ನ ಕುರ್ಚಿಯಲ್ಲಿ ಕೂತು ಮೈಕಿನ ಗುಂಡಿ ಒತ್ತಿದಳು. ನೇರ ಕನ್ನಡಿಯ ಕಡೆ ನೋಡಿದಳು, ಎಂದರೆ ನನ್ನ ಕಣ್ಣಿಗೆ. ಆ ಮುಖವನ್ನು ನಾನು ಅಷ್ಟು ಬೆಳಕಿನಲ್ಲಿ ಎಂದೂ ನೋಡಿರಲಿಲ್ಲ. ತುಟಿ ಕಚ್ಚಿ ಹಿಡಿದಿದ್ದಳು. ಈ ಸಲ ಕಣ್ಣು ನಗುತ್ತಿರಲಿಲ್ಲ, ಹೆದರಿತ್ತು.

"ಬೇಜಾರಾಯ್ತಾ?" ಎಂದಿತು ಹಾಲಿನ ಸ್ಪೀಕರು.

ನಾನು ಕನ್ನಡಿಯ ಕಡೆ ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಸಂಜೆಯೊಳಗೆ ಅವರಿಗೆ ಉತ್ತರ ಹೇಳ್ಬೇಕು. ಆ ಕೋಣೇಲಿ ಕಿಟಕಿ ಇದೆ. ಆದ್ರೆ ಈ ಕನ್ನಡಿ ಅಲ್ಲಿಟ್ರೆ ಇದ್ರಲ್ಲಿ ಏನು ಕಾಣುತ್ತೆ ಹೇಳಿ?" ಅವಳ ಉಸಿರು ಸ್ಪೀಕರಿನಲ್ಲಿ ಕೇಳಿಸಿತು. "ನಾನು ನೋಡಿದ್ದು ಸಾಕು. ಕಣ್ಣು ನೋಯ್ತಿದೆ. ಇನ್ನು ನೀವು ನೋಡ್ಬೇಕು."

ನಾನು ಕನ್ನಡಿಯನ್ನೇ ನೋಡುತ್ತಾ ಕಲ್ಲಿನಂತೆ ಕೂತಿದ್ದೆ. ತಿರುಗಿದರೆ ಇದೆಲ್ಲ ಇಲ್ಲವಾಗಿಬಿಡುತ್ತದೋ ಎಂಬ ಭಯ.

"ತಿರುಗೋ, ಕತ್ತೆ," ಎಂದಳು.

ತಿರುಗಿದೆ. ಅವಳ ಕುರ್ಚಿಗೆ ಗಾಲಿ ಇದ್ದದ್ದು ನನಗೆ ಗೊತ್ತಿರಲಿಲ್ಲ. ಕುರ್ಚಿ ಒಂದು ಕಡೆ, ನಾನು ಒಂದು ಕಡೆ, ಪೆನ್ಸಿಲ್ ಡಬ್ಬಿ ಇನ್ನೊಂದು ಕಡೆ. ದಢಾರ್, ಕಟಕಟ, ಟಣ್. ಆ ಸದ್ದನ್ನು ಕೋಸುಗಡ್ಡೆಯಲ್ಲಿ ಹುಟ್ಟಿಸಲು ನನ್ನಿಂದ ಸಾಧ್ಯವಿಲ್ಲ. ಕನ್ನಡಕ ಎಲ್ಲೋ ಹಾರಿತ್ತು. ನೆಲ ತಡಕಾಡಿ ಸಿಕ್ಕಿಸಿಕೊಂಡೆ.

ಸ್ಪೀಕರಿನಲ್ಲಿ ನಗು ಕೇಳಿಸಿತು. ಕುರ್ಚಿ ಕಿರುಗುಟ್ಟಿತು. ಆಮೇಲೆ ಬರಿಗಾಲಿನ ಹೆಜ್ಜೆ, ಮೆತ್ತಗೆ, ಸ್ಪೀಕರಿನಿಂದ ಹೊರಬಂದು ಹಾಲಿನ ನೆಲದ ಮೇಲೆ, ನನ್ನ ಹತ್ತಿರ. ಅವಳು ಎದುರಿಗೆ ಮಂಡಿಯೂರಿ ಕೂತು ನನ್ನ ಕನ್ನಡಕ ತೆಗೆದು, ಸರಿಯಾಗಿ ತಿರುಗಿಸಿ, ಕಿವಿಗೆ ಸಿಕ್ಕಿಸಿದಳು. ಬೆರಳು ಅಲ್ಲೇ ಉಳಿಯಿತು.

"ಹೋಗ್ಬೇಡ," ಎಂದೆ. ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಊಟಕ್ಕೆ ಕೂತಾಗ ಹೊಳೆಯದೆ ಸಮಯಕ್ಕೆ ಬಂದ ಮಾತೂ ಅದೇ ಮೊದಲು.

"ಕಿಟಕಿ?"

"ನಾನು ಗೋಡೆ ಒಡೆದು ಇಡಿಸ್ಕೊಡ್ತೀನಿ."

"ನೀನು ಒಡೆಯೋಕೆ ಹೋದ್ರೆ ಇಡೀ ಕಟ್ಟಡ ಬೀಳುತ್ತೆ," ಎಂದವಳು ನನ್ನ ಭುಜಕ್ಕೆ ಹಣೆ ಆನಿಸಿದಳು. ಅವಳ ಬೆನ್ನು ಕುಲುಕುತ್ತಿತ್ತು. ಈ ಸಲ ಅದು ನನ್ನ ಕೈಯ ಕೆಳಗೇ ಇತ್ತು.

ಮೈಕು ಆರಿಸಿಲ್ಲವೆಂದು ಆಮೇಲೆ ನೆನಪಾಯಿತು. ಅವಳು ಎದ್ದು ನನ್ನ ಕಡೆ ಬಂದ ಹೆಜ್ಜೆ ಅಷ್ಟೂ ಮುದ್ರಣವಾಗಿತ್ತು. ಮೈಕಿಗೆ ಅದು ದೂರ ಹೋಗುವ ಸದ್ದು. ನನಗೆ ಹತ್ತಿರ ಬಂದ ಸದ್ದು. ಅದನ್ನು ಹಿಂದುಮುಂದು ಮಾಡಿ ಬೆಕ್ಕಿನ ಕಾಲಿಗೆ ಕೂಡಿಸಿದೆ. ಅವಳು ಆ ಸಂಜೆಯೇ, ದೊಡ್ಡ ಸ್ಟುಡಿಯೋಗೆ ಇಲ್ಲವೆಂದು ಹೇಳಿದ ಮೇಲೆ, ಕತ್ತೆರಾಯನ ಕತ್ತನ್ನು ತಿರುಗಿಸಿ ಬರೆದಳು.

ಡೈರೆಕ್ಟರು ಕಣ್ಣು ಮುಚ್ಚಿಕೊಂಡು ಕೇಳಿದರು. "ಇದೇ, ಇದೇ! ಯಾವುದ್ರಲ್ಲಿ ಮಾಡಿದ್ರಿ ಸದ್ದಪ್ಪ ಈ ಸದ್ದನ್ನ?"

ನಾನು ಅವಳ ಕಡೆ ನೋಡಿದೆ. ಅವಳು ಇನ್ನೂ ಬರಿಗಾಲಲ್ಲೇ, ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು.