ಕಳ್ಳ ಕೂರಿಸಿ ಹೋದ ಕಪ್ಲರ್

ಬೀಗ ಕೊಯ್ದ ಕಳ್ಳ ಹೊಸ ಬೀಗ ಜಡಿದು, ಅದರ ಕೀಲಿಕೈಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಹೋಗಿದ್ದಾನೆ ಎಂಬ ದೂರು ಠಾಣೆಗೆ ಬಂದದ್ದು ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ. ವೇಳೆಯನ್ನು ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣ ಮುಖ್ಯಪೇದೆ. ಬೆಕ್ಕು ಅಡ್ಡ ಹೋದರೂ ಗಂಟೆ ನೋಡಿ ಬರೆದಿಟ್ಟುಕೊಳ್ಳುವ ಆಸಾಮಿ. ಠಾಣೆಯಲ್ಲಿ ಅವನನ್ನು ಕರೆಯುವುದೇ ‘ಗಡಿಯಾರ’ ಎಂದು.

ದೂರು ತಂದವನು ಮಾರುಕಟ್ಟೆ ಬೀದಿಯ ಔಷಧಿ ಅಂಗಡಿಯವನು. ನಲವತ್ತರ ಆಸುಪಾಸು, ಇಸ್ತ್ರಿಯ ಗೆರೆ ಕೆಡದ ಅಂಗಿ, ಮಾತ್ರೆ ಎಣಿಸಿದ ಹಾಗೆ ಎಣಿಸಿ ಆಡುವ ಮಾತು. ಇನ್‌ಸ್ಪೆಕ್ಟರ್ ತನ್ನ ಎದುರಿನ ಕುರ್ಚಿ ತೋರಿಸಿದಳು. ಅವನು ಅಂಚಿನಲ್ಲೇ ಕೂತ.

“ಏನು ಹೋಗಿದೆ?”

“ಸ್ಟೀರಿಂಗ್ ಕಪ್ಲರ್, ಮೇಡಮ್. ನಮ್ಮಪ್ಪನ ಹಳೇ ಕಾರಿಂದು.”

“ಅದಿಲ್ದೆ ಕಾರು ಓಡುತ್ತಾ?”

“ಓಡಲ್ಲ. ಆದ್ರೆ ಈಗ ಓಡುತ್ತೆ. ಹೊಸದು ಹಾಕಿದಾರೆ.”

“ಯಾರು ಹಾಕಿದ್ದು?”

“ಕಳ್ಳರು.”

ಗಡಿಯಾರನ ಪೆನ್ನು ನಿಂತಿತು. ಇಂಥ ಕಳ್ಳ ಸಿಕ್ಕರೆ ಒಂದು ಸಲ ತಮ್ಮ ಮನೆಯ ಕಡೆಗೂ ಕಳಿಸಿಕೊಡಿ, ಮಿಕ್ಸಿ ಕೆಟ್ಟು ಮೂಲೆ ಸೇರಿದೆ ಎಂದು ಅವನು ಗೊಣಗಿದ. ಇನ್‌ಸ್ಪೆಕ್ಟರಿಗೂ ನಗು ತುಟಿಯವರೆಗೆ ಬಂದಿತ್ತು. ಆದರೆ ಔಷಧಿಯವನು ತಮಾಷೆಗೆ ಬಂದವನಂತೆ ಕಾಣಲಿಲ್ಲ. ಅವಳು ನಗುವನ್ನು ನುಂಗಿಕೊಂಡಳು.

ಅವನು ಹೇಳಿದ್ದು ಇಷ್ಟು. ತಂದೆ ತೀರಿಕೊಂಡು ಮೂರು ವರ್ಷ. ಕಾರನ್ನು ಅವರು ಬಿಟ್ಟು ಹೋದ ಹಾಗೆಯೇ ಇಟ್ಟಿದ್ದಾನೆ. ಒಂದು ಮೊಳೆಯನ್ನೂ ಬದಲಿಸಿಲ್ಲ. ಕಪ್ಲರ್ ತಂದೆ ತಮ್ಮ ಕೈಯಾರೆ ಕೂರಿಸಿದ ಕೊನೆಯ ಭಾಗ. ಭಾನುವಾರ ತಾಯಿ, ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಹತ್ತಿ ಇಳಿದು ಚಿಕ್ಕಮ್ಮನ ಮನೆಗೆ ಹೋಗುವುದಿತ್ತು. ನಿನ್ನೆ ಸಂಜೆ ನೋಡಿದರೆ ಶೆಡ್ಡಿನ ಬೀಗ ಬೇರೆ, ಬಾನೆಟ್ಟಿನೊಳಗೆ ಎಣ್ಣೆಮಸಿಯ ನಡುವೆ ಹೊಸ ರಬ್ಬರು ಹೊಳೆಯುತ್ತಿದೆ.

“ಸ್ಟೀರಿಂಗಿಗೆ ಕೈ ಹಾಕೋದು ಅಂದ್ರೆ ಕುತ್ತಿಗೆಗೆ ಕೈ ಹಾಕಿದ ಹಾಗೆ, ಮೇಡಮ್. ನನಗೆ ಯಾರೂ ಆಗದವರಿಲ್ಲ. ಆದ್ರೆ ಮಕ್ಕಳನ್ನ ಕೂರಿಸ್ಕೊಂಡು ತಿರುವಿನಲ್ಲಿ ಅದು ಕಳಚ್ಕೊಂಡ್ರೆ?” ದನಿ ತಗ್ಗಿಸಿ ಸೇರಿಸಿದ, “ಮತ್ತೆ, ಅಪ್ಪ ಹಾಕಿದ್ದು ನನಗೆ ವಾಪಸ್ ಬೇಕು.”

ಅತಿಕ್ರಮ ಪ್ರವೇಶ ಮತ್ತು ಕಳವು ಎಂದು ಎಫ್‌ಐಆರ್ ದಾಖಲಾಯಿತು. ಕಳವಾದ ವಸ್ತುವಿನ ಬೆಲೆ ಕೇಳಿದಾಗ ಔಷಧಿಯವನು ತಲೆ ತಗ್ಗಿಸಿದ. ಗಡಿಯಾರ ಆ ಜಾಗ ಖಾಲಿ ಬಿಟ್ಟ.

ಶೆಡ್ಡು ಮನೆಯ ಹಿತ್ತಲಲ್ಲಿ, ಅಡುಗೆಮನೆಯ ಕಿಟಕಿಗೆ ನೇರ ಎದುರು. ಪಂಚನಾಮೆಗೆ ಸಾಕ್ಷಿಗಳಾಗಿ ಎದುರುಮನೆಯ ದರ್ಜಿಯನ್ನೂ ಅವನ ಹೆಂಡತಿಯನ್ನೂ ಕರೆಸಿದರು. ದರ್ಜಿ ಬಾಯಿ ತೆರೆಯಲಿಲ್ಲ, ಅವನ ಪಾಲಿನದನ್ನೂ ಹೆಂಡತಿಯೇ ಆಡಿದಳು. ಒಳಗೆ ಕೆನೆಬಣ್ಣದ, ದುಂಡು ಮೂತಿಯ ಕಾರು. ನಿದ್ದೆಯಿಂದ ಎದ್ದು ಕಣ್ಣರಳಿಸಿದ ಮಗುವಿನಂಥ ಎರಡು ದೀಪ. ಗೋಡೆಗೆ ಹಲಗೆ, ಹಲಗೆಯ ಮೇಲೆ ಪ್ರತಿಯೊಂದು ಸ್ಪ್ಯಾನರಿನ ಆಕಾರ ಬರೆದು ಅದರದರ ಜಾಗ. ಎಲ್ಲವೂ ಜಾಗದಲ್ಲೇ ಇದ್ದವು. ನೆಲ ಗುಡಿಸಿತ್ತು. ಕಳ್ಳ ಗುಡಿಸಿ ಹೋಗಿದ್ದ. ಇದನ್ನು ಪಂಚನಾಮೆಯಲ್ಲಿ ಹೇಗೆ ಬರೆಯುವುದು ಎಂದು ಗಡಿಯಾರ ತಲೆ ಕೆರೆದುಕೊಂಡ. ಇದ್ದದ್ದು ಇದ್ದ ಹಾಗೆ ಬರೆ ಎಂದಳು ಇನ್‌ಸ್ಪೆಕ್ಟರ್.

ಶೆಡ್ಡಿನ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ. ತಳದಲ್ಲಿ ಟೀಯ ಬಣ್ಣ, ಸುತ್ತ ಇರುವೆಗಳ ಸಂತೆ. ಅದು ತನ್ನದಲ್ಲ, ತಾನು ಶೆಡ್ಡಿನೊಳಗೆ ಏನನ್ನೂ ಕುಡಿಯುವುದಿಲ್ಲ ಎಂದ ಔಷಧಿಯವನು. ಇನ್‌ಸ್ಪೆಕ್ಟರ್ ಲೋಟ ನೋಡಿದಳು, ಅಡುಗೆಮನೆಯ ಕಿಟಕಿ ನೋಡಿದಳು. ಅಲ್ಲಿದ್ದ ಮುದುಕಿಯ ತಲೆ ಥಟ್ಟನೆ ಮರೆಯಾಯಿತು.

ಮೊದಲು ಕಾರು ಅಪಾಯವೋ ಅಲ್ಲವೋ ತಿಳಿಯಬೇಕಿತ್ತು. ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಿಂದ ಮೇಸ್ತ್ರಿ ಬಂದ. ಬಾಯ್ತುಂಬ ಮಾತು, ಕೈತುಂಬ ಮಸಿ. ಬಾನೆಟ್ ಎತ್ತಿ ಇನ್‌ಸ್ಪೆಕ್ಟರಿಗೆ ತೋರಿಸಿದ: ಸ್ಟೀರಿಂಗಿನಿಂದ ಇಳಿದು ಬರುವ ಸರಳು ಇತ್ತ, ಗಾಲಿಗಳನ್ನು ಹೊರಳಿಸುವ ಪೆಟ್ಟಿಗೆ ಅತ್ತ, ನಡುವೆ ಅಂಗೈಯಗಲದ ದಪ್ಪ ರಬ್ಬರ್ ಬಿಲ್ಲೆ. ಎರಡು ಬೋಲ್ಟು ಆ ಕಡೆಯವರಿಗೆ, ಎರಡು ಈ ಕಡೆಯವರಿಗೆ. ಅದೇ ಕಪ್ಲರ್. ಅತ್ತೆ ಸೊಸೆಯ ನಡುವೆ ಸಿಕ್ಕ ಗಂಡಸಿನಂತೆ ಎರಡೂ ಕಡೆಯ ಕುಲುಕಾಟ ನುಂಗಿಕೊಂಡು ಸುಮ್ಮನಿರುವುದು ಅದರ ಹಣೆಬರಹ ಎಂದ. ಹರಿಯಿತೋ, ಸ್ಟೀರಿಂಗ್ ಒಂದು ದಾರಿ, ಗಾಲಿ ಒಂದು ದಾರಿ.

ಮೇಸ್ತ್ರಿ ಬೋಲ್ಟುಗಳಿಗೆ ಒಂದೊಂದಾಗಿ ಸ್ಪ್ಯಾನರ್ ಇಟ್ಟು ನೋಡಿದ. ಒಂದೂ ಅಲುಗಲಿಲ್ಲ. ಬಿಲ್ಲೆಯ ಮೇಲೆ ಹಾಯ್ದಿದ್ದ ತಾಮ್ರದ ತಂತಿಯನ್ನು ಬೆರಳಲ್ಲಿ ಮುಟ್ಟಿದ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲವಲ್ಲ, ಹಾರ್ನಿಗೆಂದು ಈ ತಂತಿ ಎಳೆಯಬೇಕು, ಹೊಸಬರು ಮರೆತು ಕಾರನ್ನು ಮೂಕಿ ಮಾಡಿಬಿಡುತ್ತಾರೆ ಎನ್ನುತ್ತ ಹಾರ್ನ್ ಒತ್ತಿದ. ಗಡಿಯಾರ ಬೆಚ್ಚಿ ಮೊಳದುದ್ದ ಹಾರಿದ. ಆಮೇಲೆ ಅದರ ವೇಳೆಯನ್ನೂ ಬರೆದುಕೊಂಡ.

“ಕೊಲ್ಲೋಕೆ ಬಂದೋರ ಕೆಲಸ ಅಲ್ಲ ಇದು, ಮೇಡಮ್. ಕೂಸಿಗೆ ಎಣ್ಣೆ ಹಚ್ಚಿದ ಹಾಗೆ ಮಾಡಿದಾರೆ. ಆದ್ರೆ ಒಂದು ತಪ್ಪು ಮಾಡಿದಾರೆ ನೋಡಿ. ಗಾಲಿ ನೆಟ್ಟಗಿದೆ, ಸ್ಟೀರಿಂಗ್ ಸೊಟ್ಟ. ಸರಳಿನ ತುದೀಲಿ ಸಣ್ಣ ಸಣ್ಣ ಹಲ್ಲಿರ್ತವೆ. ಒಂದು ಹಲ್ಲು ಎಡಕ್ಕೆ ಕೂರಿಸಿಬಿಟ್ಟಿದಾರೆ.”

“ಅದು ತಪ್ಪಲ್ಲ,” ಎಂದ ಔಷಧಿಯವನು.

ಎಲ್ಲರೂ ಅವನತ್ತ ತಿರುಗಿದರು. ತನ್ನ ಬಾಯಿಂದ ಬಂದ ಮಾತು ತನಗೇ ಕೇಳಿಸಿದವನಂತೆ ಅವನು ನಿಂತಿದ್ದ. ಆಮೇಲೆ ನಿಧಾನವಾಗಿ ಹೇಳಿದ. ಅಪ್ಪ ಒಮ್ಮೆ ಏಣಿಯಿಂದ ಬಿದ್ದು ಅವರ ಬಲ ಮೊಣಕೈ ಪೂರ್ತಿ ಚಾಚಲು ಬಾರದಂತಾಗಿತ್ತು. ಆ ಕೈಗೆ ಒಗ್ಗಲೆಂದು ಸ್ಟೀರಿಂಗನ್ನು ಒಂದು ಹಲ್ಲು ತಿರುಗಿಸಿ ಕೂರಿಸಿಕೊಂಡಿದ್ದರು. ಮನೆಯವರಿಗೆ ಅದೇ ನೇರ. ಆದ್ದರಿಂದಲೇ ನಿನ್ನೆ ಅವನಿಗೆ ಅದು ಸೊಟ್ಟ ಎಂದು ತೋರಿರಲಿಲ್ಲ.

ಇನ್‌ಸ್ಪೆಕ್ಟರ್ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. “ಇದು ಯಾರ್ಯಾರಿಗೆ ಗೊತ್ತು?”

“ಅಪ್ಪನಿಗೆ. ನನಗೆ.”

“ಮತ್ತೆ?”

ಉತ್ತರ ಕೊಡುವ ಬದಲು ಅವನು, ದೂರು ವಾಪಸು ತೆಗೆದುಕೊಳ್ಳಬಹುದೇ ಎಂದು ಕೇಳಿದ.

“ಎಫ್‌ಐಆರ್ ಅಂದ್ರೆ ಸ್ಲೇಟಿನ ಮೇಲಿನ ಬಳಪ ಅಲ್ಲ, ಒರೆಸೋಕೆ. ಏನಿದ್ರೂ ಕೋರ್ಟಿನಲ್ಲಿ ಹೇಳಿ.”

ಅಡುಗೆಮನೆಯಲ್ಲಿ ತಾಯಿ ಬಟಾಣಿ ಸುಲಿಯುತ್ತ ಕೂತಿದ್ದಳು. ನಿನ್ನೆ ಮಧ್ಯಾಹ್ನ ಮನೆಯಲ್ಲಿ ಅವಳೊಬ್ಬಳೇ. ಊಟ ಮಾಡಿ ಮಲಗಿದವಳಿಗೆ ಕುಂಭಕರ್ಣನ ನಿದ್ದೆಯಂತೆ. ಬೀಗ ಕೊಯ್ದ ಸದ್ದು ಕೇಳಿಸಲೇ ಇಲ್ಲವಂತೆ. ವಯಸ್ಸಾಯಿತಲ್ಲ, ಕಿವಿ ಮಂದವಂತೆ. ಇನ್‌ಸ್ಪೆಕ್ಟರ್ ಬಾಗಿಲ ಕಡೆ ತಿರುಗಿ, ತನ್ನಷ್ಟಕ್ಕೆ ಎಂಬಂತೆ, ಹಾಲು ಉಕ್ಕುತ್ತಿದೆ ಎಂದು ಪಿಸುಗುಟ್ಟಿದಳು. ಬಟಾಣಿ ಚೆಲ್ಲಾಪಿಲ್ಲಿಯಾಯಿತು. ಮುದುಕಿ ಒಲೆಯ ಮುಂದಿದ್ದಳು. ಒಲೆ ತಣ್ಣಗಿತ್ತು.

“ಸುಳ್ಳು ಹೇಳೋದನ್ನೂ ಕಲಿಸ್ತಾರಾ ಪೊಲೀಸಿನಲ್ಲಿ?”

“ನಿಮ್ಮಂಥ ಹಿರಿಯರಿಂದ ಕಲೀತೀವಿ, ಅಮ್ಮ. ಕಳ್ಳರಿಗೆ ಟೀ ಕೊಟ್ಟವರು ಯಾರು?”

ಮುದುಕಿ ಕೂತು ಬಟಾಣಿ ಆಯತೊಡಗಿದಳು. ಇನ್‌ಸ್ಪೆಕ್ಟರೂ ಕೂತು ಆಯತೊಡಗಿದಳು. ಒಂದು ಹಿಡಿ ತುಂಬಿದ ಮೇಲೆ ಮುದುಕಿ ಬಾಯಿ ಬಿಟ್ಟಳು. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಹಾಕುವುದು ಹೆತ್ತವಳ ಕೈಲಾಗುವ ಕೆಲಸವಲ್ಲ, ತನ್ನ ಬಾಯಿಂದ ಹೆಸರು ಬರುವುದಿಲ್ಲ, ಬೇಕಾದರೆ ತನ್ನನ್ನೇ ಕರೆದುಕೊಂಡು ಹೋಗಿ ಎಂದಳು. ಇಷ್ಟನ್ನು ಮಾತ್ರ ಸೇರಿಸಿದಳು: “ಹೋದ ವಾರ ಅಂಗಡಿಗೆ ಹೋಗೋವಾಗ ಕಾರಿನಲ್ಲಿ ಕೂತಿದ್ದೆ. ಇವನು ಸ್ಟೀರಿಂಗ್ ತಿರುಗಿಸ್ತಾನೆ, ಕಾರು ಆಮೇಲೆ ಯೋಚನೆ ಮಾಡಿ ತಿರುಗುತ್ತೆ. ಹೇಳಿದ್ರೆ, ಅಪ್ಪ ಹಾಕಿದ್ದಕ್ಕೆ ಏನಾಗುತ್ತೆ ಅಂತಾನೆ.”

ಹೊಸ ಬೀಗವನ್ನು ಜೇಬಿನಲ್ಲಿಟ್ಟುಕೊಂಡು ಗಡಿಯಾರ ಊರಿನ ಕಬ್ಬಿಣದಂಗಡಿಗಳನ್ನೆಲ್ಲ ಸುತ್ತಿದ. ಸಂಜೆ ಹೊತ್ತಿಗೆ ಒಬ್ಬ ಅಂಗಡಿಯವ ಗುರುತು ಹಿಡಿದ. ಗುರುವಾರ ಬೆಳಿಗ್ಗೆ ಮಾರಿದ್ದು. ತೆಗೆದುಕೊಂಡವಳು ಹೊಲಿಗೆ ಯಂತ್ರ ರಿಪೇರಿಯಾಕೆ, ಪಕ್ಕದ ಬೀದಿಯಲ್ಲೇ ಇರುವವಳು. ಬೀಗ ಕೊಯ್ಯುವ ಗರಗಸ, ಬೀಗ ಎರಡನ್ನೂ ಒಟ್ಟಿಗೆ ಕೊಂಡಾಗ ಅಂಗಡಿಯವನಿಗೆ ವಿಚಿತ್ರವೆನಿಸಿತ್ತಂತೆ. ಔಷಧಿಯವನಿಗೆ ಆಕೆ ಏನಾಗಬೇಕು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅದೇ ಮೂಗು, ಅದೇ ಎಣಿಸಿ ಆಡುವ ಮಾತು.

ಇನ್‌ಸ್ಪೆಕ್ಟರ್ ರಿಪೇರಿ ಅಂಗಡಿಯೊಳಗೆ ಹೋದಾಗ ಔಷಧಿಯವನ ಅಕ್ಕ ಒಂದು ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ನರೆತ ಕೂದಲನ್ನು ಬಟ್ಟೆಯ ಚೂರಿನಿಂದ ಕಟ್ಟಿದ್ದಳು.

“ಬನ್ನಿ. ನಿನ್ನೇನೇ ಬರ್ತೀರ ಅಂದ್ಕೊಂಡಿದ್ದೆ.”

“ಅವರು ದೂರು ಕೊಟ್ಟಿದ್ದೇ ಇವತ್ತು.”

“ಒಂದು ರಾತ್ರಿ ಯೋಚನೆ ಮಾಡಿದಾನೆ ಹಾಗಾದ್ರೆ.” ಅವಳಿಗೆ ಅದರಿಂದ ಸಮಾಧಾನವಾದಂತಿತ್ತು.

ಒಪ್ಪಿಕೊಳ್ಳುವುದಕ್ಕೆ ಅವಳು ಹಿಂದೆಮುಂದೆ ನೋಡಲಿಲ್ಲ. ಚಿಕ್ಕವಳಿದ್ದಾಗಿನಿಂದ ಅಪ್ಪನಿಗೆ ಸ್ಪ್ಯಾನರ್ ಎತ್ತಿಕೊಟ್ಟವಳು ಅವಳು. ಟಾರ್ಚ್ ಹಿಡಿದವನು ತಮ್ಮ. ಅಪ್ಪ ಹೋದ ಮೇಲೆ ಕಾರನ್ನು ಬಿಚ್ಚಿ ನೋಡೋಣ, ರಬ್ಬರುಗಳೆಲ್ಲ ಹಳೆಯವು ಎಂದಳು. ಅಪ್ಪ ಮುಟ್ಟಿದ್ದನ್ನು ಬಿಚ್ಚಬೇಡ ಎಂದ ಅವನು. ಮಾತಿಗೆ ಮಾತು ಬೆಳೆದು, ನಾನು ಕರೆಯುವವರೆಗೆ ಶೆಡ್ಡಿಗೆ ಕಾಲಿಡಬೇಡ ಎಂದುಬಿಟ್ಟ. ಅವಳು ಇಡಲಿಲ್ಲ. ಮನೆಗೂ ಹೋಗಲಿಲ್ಲ.

“ಮೂರು ವರ್ಷ ಕಾದೆ, ಕರೀತಾನೆ ಅಂತ. ನನಗೇನು, ಇನ್ನೂ ಕಾಯ್ತಿದ್ದೆ. ಭಾನುವಾರದ ಘಟ್ಟ ಕಾಯಲ್ಲ.”

“ಹೊಸದು ಹಾಕಿದ್ರಿ ಸರಿ. ಹಳೇದನ್ನ ಯಾಕೆ ತಂದ್ರಿ? ಕಳವು ಆಗೋದು ಅದೇ.”

ಅಕ್ಕ ನಕ್ಕಳು. “ಅವನನ್ನ ನಿಮಗೆ ಗೊತ್ತಿಲ್ಲ. ಬಿಟ್ಟು ಬಂದಿದ್ರೆ ಕತ್ತಲಾಗೋದ್ರೊಳಗೆ ಅದನ್ನೇ ವಾಪಸ್ ಹಾಕ್ತಿದ್ದ.”

ಖಾನೆಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಇನ್‌ಸ್ಪೆಕ್ಟರ್ ಕೈಗೆತ್ತಿಕೊಂಡು ಮೆಲ್ಲಗೆ ಬಗ್ಗಿಸಿದಳು. ಒಡೆದ ಹಿಮ್ಮಡಿಯಂತೆ ಉದ್ದಕ್ಕೂ ಬಿರುಕು ಬಾಯ್ತೆರೆಯಿತು. ಒಂದು ಬೋಲ್ಟಿನ ತೂತು ಅಂಚಿನವರೆಗೆ ಹರಿದು, ಒಳಗಿನ ನೂಲು ಮಾತ್ರ ಹಿಡಿದುಕೊಂಡಿತ್ತು. ಅವಳ ಕಣ್ಣಿಗೆ ಘಟ್ಟದ ತಿರುವು, ಹಿಂದಿನ ಸೀಟಿನ ಮಕ್ಕಳು, ಬಟಾಣಿ ಸುಲಿಯುವ ಮುದುಕಿ ಒಮ್ಮೆಲೇ ಬಂದು ನಿಂತರು. ಅದನ್ನು ಲಕೋಟೆಗೆ ಹಾಕಿ ಅರಗು ಒತ್ತಿಸಿದಳು. ಆಮೇಲೆ, ಹೇಳಲೇಬೇಕಾದ್ದನ್ನು ಹೇಳಿದಳು.

“ನಿಮ್ಮನ್ನ ದಸ್ತಗಿರಿ ಮಾಡ್ಬೇಕಾಗುತ್ತೆ, ಅಕ್ಕ.”

“ಮಾಡಿ. ಈ ಯಂತ್ರದ ಹೊಟ್ಟೆ ಮುಚ್ಚಿ ಬರ್ತೀನಿ, ಧೂಳು ಕೂರುತ್ತೆ.”

ಠಾಣೆಯಲ್ಲಿ ಹೇಳಿಕೆ ಬರೆಯುತ್ತಿರುವಾಗ ಔಷಧಿಯವನು ಬಂದ. ಜಾಮೀನಿಗೆ ತಾನೇ ನಿಲ್ಲುತ್ತೇನೆ ಎಂದ. ಆರೋಪಿಗೆ ಫಿರ್ಯಾದಿಯೇ ಜಾಮೀನು ನಿಂತದ್ದನ್ನು ತನ್ನ ಸರ್ವೀಸಿನಲ್ಲಿ ಕಂಡಿಲ್ಲ ಎಂದು ಗಡಿಯಾರ ಅವನನ್ನು ಮೇಲಿಂದ ಕೆಳಗೆ ನೋಡಿದ. ಜಾಮೀನಿಗೆ ನಿಲ್ಲಲು ಬಾ ಎಂದು ಇನ್‌ಸ್ಪೆಕ್ಟರ್ ದರ್ಜಿಗೆ ಹೇಳಿಕಳಿಸಿದಳು. ದರ್ಜಿಯ ಜೊತೆಗೆ ಅವನ ಹೆಂಡತಿಯೂ ಬಂದಳು, ಅವನ ಪರವಾಗಿ ಒಪ್ಪಿಗೆ ಕೊಡಲು.

ಕಾಗದ ಸಿದ್ಧವಾಗುವವರೆಗೆ ಅಕ್ಕ ತಮ್ಮ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಅರಗು ಒತ್ತುವ ಮುನ್ನ ತೆಗೆದ ಕಪ್ಲರಿನ ಫೋಟೋವನ್ನು ಇನ್‌ಸ್ಪೆಕ್ಟರ್ ತಮ್ಮನ ಕೈಗೆ ಕೊಟ್ಟಳು. ಅವನು ಬಹಳ ಹೊತ್ತು ನೋಡಿದ. ಹರಿದ ತೂತಿನ ಮೇಲೆ ಬೆರಳಾಡಿಸಿದ. ಥ್ಯಾಂಕ್ಸ್ ಎನ್ನಲಿಲ್ಲ, ತಪ್ಪಾಯ್ತು ಎನ್ನಲೂ ಇಲ್ಲ.

“ಎಡಗಡೆ ಮಾತ್ರ ಯಾಕೆ ಹರಿದಿದೆ?” ಎಂದ, ಗೋಡೆಯನ್ನು ಕೇಳಿದಂತೆ.

“ಇಂಜಿನ್ನಿನ ಶಾಖ ಆ ಕಡೆಗೆ ಬಡಿಯುತ್ತೆ ಕಣೋ,” ಎಂದಳು ಅಕ್ಕ, ಅವಳೂ ಗೋಡೆಗೇ. “ಬ್ರೇಕಿನ ಪೈಪೂ ಅಲ್ಲೇ ಹಾದುಹೋಗುತ್ತೆ. ಅದನ್ನೂ ನೋಡ್ಬೇಕು.”

“ನೋಡ್ಬೇಕು,” ಎಂದ ಅವನು. ಬೆಂಚಿನ ಮೇಲೆ ಒಂದಿಷ್ಟು ಈಚೆ ಸರಿದ.

ಕೇಸ್ ಡೈರಿಯ ಹಾಳೆಯನ್ನು ಗಡಿಯಾರ ಇನ್‌ಸ್ಪೆಕ್ಟರ್ ಮುಂದೆ ಇಟ್ಟ. ದಸ್ತಗಿರಿಯ ವೇಳೆ, ಜಾಮೀನಿನ ವೇಳೆ, ವಶಪಡಿಸಿಕೊಂಡ ಮಾಲು, ಎಲ್ಲ ಭರ್ತಿಯಾಗಿತ್ತು. ಕೃತ್ಯದ ಉದ್ದೇಶ ಎಂಬಲ್ಲಿ ಮಾತ್ರ ಏನು ಬರೆಯಲಿ ಎಂದು ಕೇಳಿದ: ದುರಾಸೆಯಿಲ್ಲ, ದ್ವೇಷವಿಲ್ಲ, ಇದಕ್ಕೆ ಪದವೇ ಸಿಗುತ್ತಿಲ್ಲ.

ಇನ್‌ಸ್ಪೆಕ್ಟರ್ ಪೆನ್ನು ಕಚ್ಚಿಕೊಂಡು ಒಂದಿಷ್ಟು ಹೊತ್ತು ಬೆಂಚಿನ ಕಡೆ ನೋಡಿದಳು. ಆಮೇಲೆ ತಾನೇ ಬರೆದಳು: “ಫಿರ್ಯಾದಿಯು ಆರೋಪಿಯ ತಮ್ಮ.”