ಕೆಂಚವ್ವನ ನಾಲ್ಕನೇ ಗಂಟು

ಬಲು ಹಿಂದೆ ಬಿರಿಗಲ್ಲು ಅಂತ ಒಂದು ರಾಜ್ಯವಿತ್ತು. ಅದರ ನೆಲದಡಿ ಇಬ್ಬರು ರಕ್ಕಸರು ಮಲಗಿದ್ದರು. ನೂಕಾಸುರ ಭೂಮಿಯನ್ನು ಎರಡೂ ಕಡೆಯಿಂದ ಒತ್ತುವವನು. ಜಗ್ಗಾಸುರ ಎರಡೂ ಕಡೆಗೆ ಎಳೆಯುವವನು. ಒಂದು ಬೆಳಗ್ಗೆ ಇಬ್ಬರಲ್ಲೊಬ್ಬ ಎದ್ದ. ಯಾವನೋ ಯಾರಿಗೂ ತಿಳಿಯಲಿಲ್ಲ. ಅರಮನೆಯ ಮುಂದೆಯೇ ನೆಲ ಬಾಯಿಬಿಟ್ಟಿತು. ಬಾವಿ ತೋಡುವ ದುರುಗ ಅದರೊಳಗೆ ಜಾರಿಬಿದ್ದ. ಬಂಡೆ ಅವನ ಕಾಲು ಕಚ್ಚಿ ಹಿಡಿಯಿತು.

ಎದ್ದವನ ಹೆಸರನ್ನು ಹೊತ್ತು ಮುಳುಗುವುದರೊಳಗೆ ಮೂರು ಸಲ ಕೂಗಿದರೆ ಅವನು ಮತ್ತೆ ಮಲಗುತ್ತಾನೆ. ತಪ್ಪು ಹೆಸರು ಕೂಗಿದರೋ, ಮಲಗಿದವನೂ ಏಳುತ್ತಾನೆ. ಆಮೇಲೆ ದುರುಗನೂ ಇಲ್ಲ, ರಾಜ್ಯವೂ ಇಲ್ಲ.

"ನೆಲ ಬಾಯಿಬಿಟ್ಟಿದ್ದು ಕಾಣುತ್ತಿಲ್ಲವೇ ಪ್ರಭು? ಇದು ಜಗ್ಗಾಸುರನದೇ ಕೆಲಸ," ಅಂದ ಮಾಂತ್ರಿಕ ಕರಾಳಯ್ಯ.

ದುರುಗನ ಹೆಂಡತಿ ಕೆಂಚವ್ವ ಹಾರೆ ಹಿಡಿದು ಓಡಿಬಂದಳು. ಅರಸನ ಮುಂದೆ ನಿಂತಳು.

"ತಡೀರಿ ಬುದ್ದೀ! ಮೇಲೆ ನೋಡಿ ಒಳಗಿನ ಸಂಗತಿ ಹೇಳಬ್ಯಾಡಿ. ತೋಡಿ ನೋಡ್ತೀನಿ."

ಅವಳದು ಮಾಯದ ಹಾರೆ, ಒಂದೇಟಿಗೆ ಒಂದಾಳುದ್ದ ಇಳಿಯುತ್ತಿತ್ತು. ಬಾವಿ ತೋಡುವವರ ಪದ್ಧತಿಯಂತೆ, ಪದರ ಬದಲಾದಾಗಲೆಲ್ಲ ಚಿಟಿಕೆ ಮಣ್ಣು ತೆಗೆದು ಸೆರಗಿಗೆ ಗಂಟು ಹಾಕಿದಳು. ಹೊಸ ಬಾವಿಗೆ ಇಳಿಯುವ ಮೊದಲು ಹಳೆಯ ಗಂಟು ಬಿಚ್ಚುತ್ತಿದ್ದಳು. ಮೊದಲ ಬಾವಿ ಬಿರುಕಿಗೆ ದೂರ. ಕೆಮ್ಮಣ್ಣು, ಸುಣ್ಣಗಲ್ಲು, ಕರಿಗಲ್ಲು. ಮೂರು ಗಂಟು. ಆ ಸೀಮೆಯ ನೆಲವೇ ಹಾಗೆ.

ಎರಡನೆಯದನ್ನು ಬಿರುಕಿನ ಪಕ್ಕದಲ್ಲೇ ತೋಡಿದಳು. ಸುಣ್ಣಗಲ್ಲು ಮುಟ್ಟುತ್ತಲೇ ಗೋಡೆಯಿಂದ ಕಣ್ಣಿಲ್ಲದ ಹಾವುಗಳು ಸುರಿದವು. ಸತ್ತೆನೋ ಬದುಕಿದೆನೋ ಅಂತ ಮೇಲೆ ಬಂದಳು.

"ಎರಡೇ ಗಂಟು! ಎಳೆದದ್ದಕ್ಕೇ ಒಂದು ಪದರ ಮಾಯವಾಗಿದೆ!" ಕರಾಳಯ್ಯ ಚಪ್ಪಾಳೆ ತಟ್ಟಿದ.

"ಅರ್ಧ ತೋಡಿದ ಬಾವೀನ ಲೆಕ್ಕಕ್ಕೆ ಹಿಡೀತಾರೇನಯ್ಯಾ?" ಅಂದಳು ಕೆಂಚವ್ವ.

ಬಿರುಕಿನ ಇನ್ನೊಂದು ಬದಿಯಲ್ಲಿ ಮೂರನೆಯದಕ್ಕೆ ಇಳಿಯುವಾಗ ಸೂರ್ಯ ಗುಡ್ಡಕ್ಕೆ ತಾಗಿದ್ದ. ನೆಲ ನಡುಗುತ್ತಿತ್ತು. ಬಂಡೆಯಾಚೆಯಿಂದ ದುರುಗನ ದನಿ ಕ್ಷೀಣವಾಗಿ ಕೇಳಿಸಿತು. "ಕೆಂಚೀ, ನೀನಾದ್ರೂ ಓಡಿಹೋಗೇ..."

"ಬಾಯಿ ಮುಚ್ಕೊಂಡು ಉಸಿರು ಹಿಡಕೊಂಡಿರು!" ಅಂದಳು. ಅಂದವಳು ಅಳುತ್ತಲೇ ಹಾರೆ ಹಾಕಿದಳು. ಕೆಮ್ಮಣ್ಣು. ಸುಣ್ಣಗಲ್ಲು. ಕರಿಗಲ್ಲು. ಇನ್ನೊಂದೇಟು ಹಾಕಿದಳು. ಕರಿಗಲ್ಲಿನ ಅಡಿಯಲ್ಲಿ ಮತ್ತೆ ಸುಣ್ಣಗಲ್ಲು!

ಮೇಲೆ ಬಂದು ಅರಸನಿಗೆ ಸೆರಗು ಚಾಚಿದಳು. "ನಾಲ್ಕು ಗಂಟು ಬುದ್ದೀ. ಎಳೆದಿದ್ರೆ ಕಲ್ಲು ಹರಿದು ದೂರ ಸರಿದು ಒಂದು ಪದರ ಕಾಣೆಯಾಗಬೇಕಿತ್ತು. ಇಲ್ಲಿ ಕಂಡದ್ದೇ ಮತ್ತೆ ಕಾಣ್ತೈತೆ. ಕಂಬಳೀನ ಎರಡೂ ಕಡೆಯಿಂದ ತಳ್ಳಿದಂಗೆ ಅಡಿಯ ಕಲ್ಲು ಮೇಲಿನ ಕಲ್ಲಿನ ಮೇಲೇರೈತೆ. ಉಬ್ಬಿದ ಬೆನ್ನು ಬಿರಿದು ಬಾಯಿಬಿಟ್ಟೈತೆ, ಅಷ್ಟೇ. ಇದು ನೂಕಾಸುರನೇ."

"ತಪ್ಪಾಗಿದ್ದರೆ?" ಕೇಳಿದ ಅರಸ.

"ತಪ್ಪಾದ್ರೆ ಮೊದಲು ಸಾಯೋನು ನನ್ನ ಗಂಡ."

ಕೆಂಚವ್ವ ಕಣ್ಣುಮುಚ್ಚಿ ಕೂಗಿದಳು. "ನೂಕಾಸುರಾ!" ನೆಲ ಗುಡುಗಿತು. "ನೂಕಾಸುರಾ!" ಅರಮನೆಯ ಕಂಬ ಉರುಳಿತು. ಕರಾಳಯ್ಯ ಅವಳ ಬಾಯಿ ಮುಚ್ಚಲು ಓಡಿಬಂದ. ರಕ್ಕಸನನ್ನು ಎಬ್ಬಿಸಿದವನು ಅವನೇ, ಇನ್ನೊಬ್ಬನನ್ನೂ ಎಬ್ಬಿಸಿ ರಾಜ್ಯ ನುಂಗಲು ಕಾದಿದ್ದ. ಅವನ ಕೈ ಮುಟ್ಟುವ ಮೊದಲೇ ಅವಳು ಮೂರನೆಯ ಸಲ ಕೂಗಿಬಿಟ್ಟಳು.

ಎಲ್ಲವೂ ನಿಂತಿತು. ರಕ್ಕಸ ಮಲಗಿದ. ಎಬ್ಬಿಸಿದ ಮಂತ್ರ ತಿರುಗಿ ಬಡಿದು ಕರಾಳಯ್ಯ ನಿಂತಲ್ಲೇ ಕರಿಗಲ್ಲಾದ. ಹಿಡಿತ ಸಡಿಲಿಸಿದ ಬಂಡೆಯಿಂದ ದುರುಗ ಕುಂಟುತ್ತಾ ಮೇಲೆ ಬಂದ. "ಎಷ್ಟು ಹೊತ್ತೇ ನಿಂದು?" ಅಂತ ಗೊಣಗಿದ. ಕೆಂಚವ್ವ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಆಮೇಲೆ ರಾಜ್ಯ ತಣ್ಣಗಿತ್ತು, ಗಂಡಹೆಂಡಿರು ಜಗಳವಾಡಿಕೊಂಡು ನೂರು ಕಾಲ ಸುಖವಾಗಿ ಬಾಳಿದರು. ಮೂರು ಗಂಟುಗಳನ್ನು ಅವಳು ಅಂದೇ ಬಿಚ್ಚಿದಳು. ನಾಲ್ಕನೆಯದನ್ನು ಮಾತ್ರ ಕೊನೆಯವರೆಗೂ ಬಿಚ್ಚಲಿಲ್ಲ.